ಮಗ್ಗದ ಓಣಿಯ ಆನೆದಂಡು

ಬನಹಟ್ಟಿಯ ಈ ಓಣಿಯಲ್ಲಿ ಮಗ್ಗಗಳು ಏಳುವ ಮೊದಲೇ ಮಂಗಲಾ ಏಳುತ್ತಾರೆ. ಅದು ಭಕ್ತಿಗಾಗಿ ಅಲ್ಲ, ಅನಿವಾರ್ಯಕ್ಕೆ. ಮುಂದಿನ ಕೋಣೆಯಲ್ಲಿ ಗಂಡ ಮಾಂತೇಶ ಪವರ್‌ಲೂಮಿನ ಗುಂಡಿ ಒತ್ತಿದರೆಂದರೆ ಎಡಬಲದ ಮನೆಯವರೂ ಒತ್ತುತ್ತಾರೆ. ಆಮೇಲೆ ನೆಲ, ಗೋಡೆ, ಗೋಡೆಗೆ ತೂಗುಹಾಕಿದ ಸೌಟು ಎಲ್ಲವೂ ಸಂಜೆಯತನಕ ಸಣ್ಣಗೆ ನಡುಗುತ್ತಿರುತ್ತವೆ. ಜೋಳದ ಕಾಳಿನಷ್ಟು ದೊಡ್ಡ ಮುಖಕ್ಕೆ ಎರಡು ಕಣ್ಣು ಬರೆಯುವ ಕೆಲಸ ನಡುಗುವ ನೆಲದ ಮೇಲೆ ಆಗುವಂಥದ್ದಲ್ಲ.

ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು, ಗೋಣು ಬಗ್ಗಿಸಿ, ಉಸಿರು ಹಿಡಿದು ಅವರು ಒಬ್ಬ ಸೈನಿಕನಿಗೆ ದೃಷ್ಟಿ ಕೊಡುತ್ತಿದ್ದಾರೆ. ಸೈನಿಕ ಸೀಸದವನು, ಕಿರುಬೆರಳಿನ ಅರ್ಧದಷ್ಟು ಎತ್ತರ. ಖಾಲಿ ಕಂಡಿಕೆಯೊಂದರ ನೆತ್ತಿಗೆ ಅಂಟು ಹಾಕಿ ಅವನನ್ನು ನಿಲ್ಲಿಸಲಾಗಿದೆ. ನೂಲು ಸುತ್ತಬೇಕಾದ ಕಂಡಿಕೆ ಹೀಗೆ ಯೋಧನ ಪೀಠವಾಗಿದೆ. ಮಗ್ಗುಲ ಹಲಗೆಯ ಮೇಲೆ ಅಂಥವೇ ಕಂಡಿಕೆಗಳ ಸಾಲು. ಸಾಲಿನ ತುಂಬ ಇನ್ನೂ ಕುರುಡರಾಗಿರುವ ಅವನ ಸಂಗಾತಿಗಳು. ಹಿಂದೆ ಮಂಚದ ಮೇಲೆ ಮಾವ ರಾಮಲಿಂಗಪ್ಪ ಕೆಮ್ಮುತ್ತಾರೆ.

"ಮೊದಲ ಬಚ್ಚಲ ಮೂಲಿ ನೋಡಿ ಬಾ. ಕಣ್ಣ ಆಮ್ಯಾಲ ಬರೀವಂತಿ."

ಬಚ್ಚಲ ಮೂಲೆಯಲ್ಲಿ, ಮೋರಿಯ ಬಾಯಿಯ ಹತ್ತಿರ, ರಾತ್ರಿ ಇಟ್ಟ ಮೂರು ಮುಚ್ಚಳಗಳಿವೆ. ಒಂದೊಂದರಲ್ಲೂ ಉಗುರಿನಗಲದ ಒಂದೊಂದು ಬಿಳಿ ಬಟ್ಟೆಯ ಬಾವುಟ. ಮಂಗಲಾ ಬಗ್ಗಿ ನೋಡುತ್ತಾರೆ. ಮೊದಲನೆಯದರಲ್ಲಿ ನೂಲಿನ ಎರಡು ಎಳೆ ಬಿಟ್ಟರೆ ಏನೂ ಉಳಿದಿಲ್ಲ. ಎರಡನೆಯದರ ಮೂಲೆ ಹೋಗಿದೆ.

"ಎರಡನೇದಕ್ಕೂ ಬಾಯಿ ಹಾಕ್ಯಾವ್ರಿ ಮಾವಾರ."

"ಮೂರನೇದು?"

"ಉಳದೈತ್ರಿ. ಆದ್ರ ನೀಲಿ ಹೊಡ್ಯಾಕತ್ತೈತಿ."

"ಹೊಡೀಲಿ ಬಿಡು. ತಿಂದ ಬಿಳಿಗಿಂತ ಇದ್ದ ನೀಲಿ ಛಲೋ."

ಜಿರಳೆಗಳಿಗೆ ದಿನವೂ ಹೀಗೆ ನೈವೇದ್ಯ ಇಟ್ಟು, ಅವು ಏನನ್ನು ಮುಟ್ಟಿದವು, ಏನನ್ನು ಬಿಟ್ಟವು ಎಂದು ಮಾವ-ಸೊಸೆ ಇಬ್ಬರೂ ನೋಡುತ್ತಿರುವುದು ಹುಚ್ಚಿಗಲ್ಲ. ಕಳೆದ ಆಷಾಢದಲ್ಲಿ ಮಂಗಲಾ ಕಟ್ಟಿಕೊಟ್ಟ ಒಂದು ಇಡೀ ಸೈನ್ಯದ ಬಾವುಟಗಳನ್ನು ಜಿರಳೆಗಳು ಯುದ್ಧದ ಹಿಂದಿನ ರಾತ್ರಿ ತಿಂದು ಮುಗಿಸಿದವು. ಈ ಆಷಾಢದಲ್ಲೂ ತಿಂದರೆ ಈ ಕೆಲಸ ಬನಹಟ್ಟಿಯನ್ನು ಬಿಟ್ಟು ಸಮುದ್ರದಾಚೆಗೆ ಹೋಗುತ್ತದೆ. ಅಲ್ಲಿ ಬಣ್ಣ ಹಚ್ಚಿ ಸಿದ್ಧವಾದ ಸೈನ್ಯಗಳನ್ನೇ ಡಬ್ಬಿಯಲ್ಲಿ ಮಾರುವ ಕಾರ್ಖಾನೆಗಳಿವೆಯಂತೆ. ಅವರ ಬಾವುಟ ಪ್ಲಾಸ್ಟಿಕ್ಕಿನದು, ಜಿರಳೆಗೂ ಬೇಡವಾದದ್ದು.

ಇದು ಯಾರ ಯುದ್ಧ ಎಂದು ಹೇಳಬೇಕು. ಮುಧೋಳದಲ್ಲಿ ಗಂಗಾರಾಮ ಎಂಬ ಹಿರಿಯರಿದ್ದಾರೆ. ಈ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು. ಕಬ್ಬು ಅರೆಯುವ ಕಾಲವೆಲ್ಲ ಉಗಿಯ ಜೊತೆ ಕಳೆದ ಅವರು ಬಿಡುವಿನ ಕಾಲವನ್ನು ಪ್ರಾಚೀನ ಯುದ್ಧಗಳಿಗೆ ಕೊಟ್ಟರು. ಅವರಂಥವರೇ ಕೊಲ್ಲಾಪುರ, ಬೆಳಗಾವಿ, ಪುಣೆಗಳಲ್ಲಿ ಒಂದಷ್ಟು ಜನ ಇದ್ದಾರೆ. ಎಲ್ಲರೂ ತಲೆ ನರೆತವರು, ಮೊಮ್ಮಕ್ಕಳನ್ನು ಕಂಡವರು. ವರ್ಷಕ್ಕೊಮ್ಮೆ ಕೊಲ್ಲಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಸೇರಿ, ಊಟದ ಟೇಬಲ್ಲುಗಳನ್ನೆಲ್ಲ ಜೋಡಿಸಿ, ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಸೈನ್ಯಗಳನ್ನು ನಿಲ್ಲಿಸಿ ಬೆಳಗಿನಿಂದ ಸಂಜೆತನಕ ಕಾದಾಡುತ್ತಾರೆ. ದಾಳ ಉರುಳಿಸಬೇಕು, ಟೇಪು ಹಿಡಿದು ಅಳೆದು ದಂಡನ್ನು ಮುಂದೆ ಸರಿಸಬೇಕು. ಪಗಡೆಯಾಟಕ್ಕೆ ಇತಿಹಾಸದ ಪದವಿ ಸಿಕ್ಕರೆ ಹೇಗಿರುತ್ತದೋ ಹಾಗೆ. ಇದಕ್ಕೆ ಆಷಾಢವೇ ಯಾಕೆಂದರೆ ಆಷಾಢದಲ್ಲಿ ಲಗ್ನಗಳಿಲ್ಲ, ಮಂಟಪ ಖಾಲಿ ಬಿದ್ದಿರುತ್ತದೆ. ಹೊಸದಾಗಿ ಮದುವೆಯಾದವರನ್ನು ಅಗಲಿಸುವ ತಿಂಗಳು ಈ ಹಳೆಯ ಗಂಡಸರನ್ನು ಕೂಡಿಸುತ್ತದೆ.

ಗಂಗಾರಾಮರ ಪಾಲಿಗೆ ಬಂದಿರುವುದು ಆನೆಗಳನ್ನು ಹಿಮದ ಬೆಟ್ಟ ಹತ್ತಿಸಿ ರೋಮಿನ ಮೇಲೆ ದಂಡೆತ್ತಿ ಹೋದ ಹ್ಯಾನಿಬಾಲನ ಸೈನ್ಯ. ಶಾಲೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಆ ಮನುಷ್ಯ ಮಂಗಲಾ ಅವರ ಅಡುಗೆಮನೆಯ ಅಟ್ಟದ ಮೇಲೆ ವರ್ಷಗಟ್ಟಲೆ ಬೀಡುಬಿಟ್ಟಿದ್ದಾನೆ. ಮಂಗಲಾ ಅವನ ಹೆಸರು ಹೇಳುವುದಿಲ್ಲ. ಅವರಿಗೆ ಈ ಕಡೆಯವರು 'ಆನಿಯವರು', ಆ ಕಡೆಯ ರೋಮಿನವರು 'ಕೆಂಪಂಗಿಯವರು'. ಯಾರ ಪಕ್ಷ ಎಂದು ಕೇಳಿದರೆ, "ನನಗ ಇಬ್ಬರೂ ಅಷ್ಟ ರೀ. ಆನಿಯವರ ಅಂಗಿ ಬ್ಯಾರೆ ಬ್ಯಾರೆ ಬಣ್ಣದ್ದು, ಹೊತ್ತು ಹೋಗತೈತಿ. ಕೆಂಪಂಗಿಯವರದು ಒಂದ ಬಣ್ಣಂತ, ಅವ್ರದು ಹಚ್ಚಾವ್ರಿಗೆ ಜಲ್ದಿ ಆಗಬಹುದು. ಯಾರು ಗೆದ್ರೂ ಗೋಣು ನಂದ ನೋಯೂದು" ಎನ್ನುತ್ತಾರೆ.

ಈ ಕೆಲಸ ಅವರ ಕೈಗೆ ಬಂದದ್ದು ಒಂದು ಸೀರೆಯ ನೆಪದಲ್ಲಿ. ಮಗ್ಗದ ಉದ್ದೆಳೆಗಳಿಗೆ ಹಾಸು ಎಂದು ಹೆಸರು; ಮುಗಿದ ಹಾಸಿನ ಕೊನೆಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ಇಲ್ಲಿ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ರಬಕವಿಯ ತವರಿನಲ್ಲಿ ಲಂಗ ಉಡುವ ವಯಸ್ಸಿಗೇ ಮಂಗಲಾ ಇದನ್ನು ಕಲಿತಿದ್ದರು. ಗಂಗಾರಾಮರ ಹೆಂಡತಿ ಸೀರೆ ಕೊಳ್ಳಲು ಬಂದಾಗ ಇವರು ಕೆಚ್ಚುತ್ತ ಕೂತಿದ್ದರು. ಆಕೆ ಸೀರೆಯನ್ನು ಬಿಟ್ಟು ಇವರ ಬೆರಳುಗಳನ್ನೇ ನೋಡಿದರಂತೆ. ಮುಂದಿನ ವಾರ ಗಂಡನನ್ನು ಕರೆದುಕೊಂಡು ಬಂದರು. ಗಂಡ ಒಂದು ಹಿಡಿ ಸೀಸದ ಸೈನಿಕರನ್ನು, ನಾಲ್ಕು ಡಬ್ಬಿ ಬಣ್ಣವನ್ನು, ಒಂದು ಚಿತ್ರವನ್ನು ಕೊಟ್ಟು ಹೋದರು.

ಮಂಗಲಾ ಚಿತ್ರದಲ್ಲಿದ್ದ ಹಾಗೆಯೇ ಬಣ್ಣ ಹಚ್ಚಿ, ಒಂದನ್ನು ಮಾತ್ರ ತಮ್ಮ ಬುದ್ಧಿಯಿಂದ ಸೇರಿಸಿದರು. ಎಲ್ಲರಿಗೂ ಮೀಸೆ ಬರೆದರು.

"ದಂಡಿನವ್ರು ಅಂದ್ರ ಮೀಸಿ ಇರಬೇಕಲ್ರಿ. ಸಾಹೇಬ್ರು ಭಾಳ ಹೊತ್ತು ನಕ್ಕರು. ಆಮ್ಯಾಲ ನಾನೊಬ್ಬಾಕಿನ ಕುಂತು ಅಷ್ಟೂ ಮಂದಿದು ಮೀಸಿ ಬೋಳಿಸಿದೆ. ಹಚ್ಚೂದಕಿಂತ ತಗಿಯೂದ ಕಷ್ಟ ಆತು."

ಲಗ್ನದ ಮಾತುಕತೆಯಲ್ಲಿ ಈ ಮನೆಯವರು ಕೇಳಿದ್ದು ಹುಡುಗಿಗೆ ಕೆಚ್ಚಲು ಬರುತ್ತದೆಯೇ ಎಂದಷ್ಟೇ ಎಂದು ಮಾಂತೇಶ ನೆನೆಯುತ್ತಾರೆ. "ದಂಡು ಕಟ್ಟಾಕ ಬರತೈತೇನು ಅಂತ ಯಾರೂ ಕೇಳಿರ್ಲಿಲ್ಲ. ಕೇಳಿದ್ರ ನಮ್ಮಪ್ಪ ಹೆದರತಿದ್ದ."

ದಂಡು ಕಟ್ಟುವುದು ಹೀಗೆ. ಬಂದ ಬೊಂಬೆಗಳ ಮೈಮೇಲೆ ಅಚ್ಚಿನ ಅಂಚು ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಬೇಕು. ಸಾಬೂನಿನ ನೀರಲ್ಲಿ ತೊಳೆದು ಒಣಗಿಸಬೇಕು. ಕೆಲವರ ಕೈಗಳೇ ಬೇರೆ ಬಂದಿರುತ್ತವೆ, ಆನೆಗಳ ಕಿವಿ ಬೇರೆ. ಅಂಟಿಸಿ, ಬಡಗಿಗಳು ಬಿರುಕಿಗೆ ಮೆತ್ತುವ ಲಾಂಬಿಯನ್ನು ಸಂದಿಗೆ ತುಂಬಬೇಕು. ಮೈಯೆಲ್ಲ ಒಂದು ಕೈ ಕಪ್ಪು. ಆಮೇಲೆ ಒಬ್ಬೊಬ್ಬನನ್ನೇ ಹಿಡಿದು ಪೂರ್ತಿ ಮುಗಿಸುವುದಿಲ್ಲ. ಎಲ್ಲರ ಅಂಗಿ, ಎಲ್ಲರ ನಡುಪಟ್ಟಿ, ಎಲ್ಲರ ಚಪ್ಪಲಿಯ ಬಾರು ಎಂದು ಹೋಗಬೇಕು. ತೆಳ್ಳಗೆ ಮಾಡಿದ ಕಂದು ನೀರನ್ನು ಮೇಲಿನಿಂದ ಬಿಟ್ಟರೆ ಬಟ್ಟೆಯ ನೆರಿಗೆಗಳಲ್ಲಿ ಇಳಿದು ನೆರಳಾಗಿ ಕೂರುತ್ತದೆ. ನೆರಿಗೆಯ ಉಬ್ಬಿಗೆ ತಿಳಿಬಣ್ಣ. ಕೊನೆಗೆ ಕಣ್ಣು.

"ಚಪ್ಲಿ ಬಾರು ಬರಿಯೂ ಹೊತ್ತಿನ್ಯಾಗ ಏನೂ ವಿಚಾರ ಬರೂದಿಲ್ಲ ನೋಡ್ರಿ. ಸುಖಾನೂ ಇಲ್ಲ, ದುಃಖಾನೂ ಇಲ್ಲ. ಬಾರು, ಬಾರು, ಬಾರು. ರಾತ್ರಿ ಕಣ್ಣ ಮುಚ್ಚಿದ್ರೂ ಬಾರು." ಇದನ್ನು ಅವರು ದೂರಿನಂತೆ ಹೇಳುವುದಿಲ್ಲ, ಬಸ್ಸು ತಡ ಎಂದು ಹೇಳುವವರ ದನಿಯಲ್ಲಿ ಹೇಳುತ್ತಾರೆ. ಅಡುಗೆ, ಕಂಡಿಕೆ ಸುತ್ತುವುದು, ಮಾವನ ಕಷಾಯ ಇವುಗಳ ನಡುವೆ ಸಿಕ್ಕ ಹೊತ್ತನ್ನೆಲ್ಲ ಈ ಬಾರುಗಳು ನುಂಗಿವೆ. ಎಡ ಹೆಗಲು ಬಲಕ್ಕಿಂತ ಮೇಲೆದ್ದಿದೆ. ಸಂಜೆ ಸೂಜಿಗೆ ದಾರ ಪೋಣಿಸಲು ಗಂಡನನ್ನು ಕರೆಯುತ್ತಾರೆ.

ಕಣ್ಣು ಬರೆಯಲು ಬೆಳಗಿನ ಹೊತ್ತು ಸಾಲದು. ಉಳಿದದ್ದಕ್ಕೆ ಕರೆಂಟು ಹೋಗಬೇಕು. ಹಗಲು ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ, ಗಂಡಸರು ಬೀದಿಗೆ ಬಂದು ವಿದ್ಯುತ್ತಿನವರ ವಂಶವನ್ನು ನೆನೆಯುತ್ತಾರೆ. ಮಂಗಲಾ ಕುಂಚ ಎತ್ತಿಕೊಂಡು ಹಿತ್ತಲ ಹೊಸ್ತಿಲಿಗೆ ಓಡುತ್ತಾರೆ. ಇಡೀ ಓಣಿಯಲ್ಲಿ ಕರೆಂಟು ಹೋಗಲಿ ಎಂದು ಕಾಯುವ ಜೀವ ಇದೊಂದೇ. ಇದು ಗುಟ್ಟೇನಲ್ಲ. ಎದುರುಮನೆಯ ಅನಸವ್ವ ಕಟ್ಟೆಯ ಮೇಲಿಂದಲೇ ಕೂಗುತ್ತಾರೆ:

"ಏನ್ಬೇ ಮಂಗಲಾ, ಹೋತಲ್ಲ ಕರೆಂಟು, ಹಾಲು ಕುಡದಂಗ ಆತೇನ? ನಿನ್ನ ಸಿಪಾಯಿಗೋಳಿಗೆ ಕಣ್ಣ ಬರಬೇಕಂದ್ರ ನಮ್ಮ ಹೊಟ್ಟಿ ಮ್ಯಾಲ ಕಲ್ಲ ಬೀಳಬೇಕ?"

"ನಾನೇನು ತಂತಿ ಕಿತ್ತ ಬಂದೀನೇನ್ರಿ ಅತ್ತಿ?"

"ಯಾರಿಗ್ಗೊತ್ತು. ದಂಡ ಇಟಗೊಂಡಾಕಿ ನೀ. ಕಳಸಿರಬಹುದು."

ಈಗ ಕಳೆದ ಆಷಾಢದ ಸೋಲಿನ ಕಥೆ. ಮಂಗಲಾ ಅವರ ಸೈನ್ಯದಲ್ಲಿ ಗಂಗಾರಾಮರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾವುಟ. ಈ ಕಡೆಯ ಮಾತಿನಲ್ಲಿ ನಿಶಾನಿ. ಬೇರೆಯವರೆಲ್ಲ ಕಾಗದದ್ದು ಅಂಟಿಸುತ್ತಾರೆ. ರಾಮಲಿಂಗಪ್ಪ ಕಾಗದವನ್ನು ಮನೆಯೊಳಗೆ ಬಿಡಲಿಲ್ಲ. "ಕಾಗದದ್ದು ಅಂದ್ರ ಲಗ್ನದ ಹಂದರಕ್ಕ ಕಟ್ಟೂ ಪರಪರಿ. ನೇಕಾರ ಮನ್ಯಾಗ ಅರಿಬಿಗೆ ಬರ ಬಂದೈತೇನು?" ಅವರೇ ಹಳೆಯ ಗಂಟಿನಿಂದ ನುಣುಪಾದ ಧೋತರದ ಬಟ್ಟೆ ತೆಗೆದುಕೊಟ್ಟರು, ಅವರೇ ಗಂಜಿ ಕಾಯಿಸಿದರು. ಗಂಜಿ ಹಚ್ಚಿದ ತುಣುಕನ್ನು ಪೆನ್ಸಿಲ್ಲಿನ ಮೇಲೆ ಸುತ್ತಿ ಒಣಗಿಸಿದರೆ ಅದು ಗಾಳಿಗೆ ಹಾರುತ್ತಿರುವಾಗಲೇ ಸೆಟೆದು ನಿಂತ ಹಾಗೆ ಉಳಿಯುತ್ತದೆ.

ಸೈನ್ಯ ಕೊಲ್ಲಾಪುರಕ್ಕೆ ಹೋಯಿತು. ರಾತ್ರಿ ಡಬ್ಬಿಗಳನ್ನು ಮಂಟಪದ ಉಗ್ರಾಣದಲ್ಲಿ ಬೆಲ್ಲದ ಪೆಂಟೆಗಳ ಮಗ್ಗುಲಲ್ಲಿ ಇಟ್ಟರು. ಲಗ್ನಗಳಿಲ್ಲದೆ ಹಸಿದಿದ್ದ ಅಲ್ಲಿನ ಜಿರಳೆಗಳಿಗೆ ಗೋಧಿ ಗಂಜಿಯಲ್ಲಿ ಅದ್ದಿದ ಬಟ್ಟೆ ಸಿಕ್ಕಿತು. ಬೆಳಗ್ಗೆ ಮುಚ್ಚಳ ತೆಗೆದರೆ ಬರೀ ಕೋಲುಗಳು. ಆಟದ ನಿಯಮದಲ್ಲಿ ಒಂದು ಮಾತಿದೆ: ಬಾವುಟ ಕಳೆದುಕೊಂಡ ತುಕಡಿ ಧೈರ್ಯ ಕಳೆದುಕೊಂಡ ತುಕಡಿ, ಅದು ಓಡಿಹೋಗದೆ ಉಳಿಯಲು ದಾಳದಲ್ಲಿ ದೊಡ್ಡ ಸಂಖ್ಯೆಯೇ ಬೀಳಬೇಕು. ಕೆಂಪಂಗಿಯವರ ಸೇನಾಪತಿ ಕೊಲ್ಲಾಪುರದ ಒಬ್ಬ ಹಲ್ಲಿನ ಡಾಕ್ಟರು. ಅವರು ನಿಯಮದ ಪುಸ್ತಕ ತೆರೆದು ಹಿಡಿದರು. ಬೀಳಬೇಕಾದ್ದು ಬೀಳಲಿಲ್ಲ. ಹ್ಯಾನಿಬಾಲನ ಬಲಗಡೆಯ ಸೈನ್ಯ ಒಂದು ಬಾಣವನ್ನೂ ಕಾಣದೆ ಟೇಬಲ್ಲಿನಿಂದ ಇಳಿದುಹೋಯಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಯುದ್ಧ ಮುಗಿದಿತ್ತು.

ಗಂಗಾರಾಮ ಸಿಟ್ಟಾಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮಳೆಗಾಲ ಕಳೆದ ಮೇಲೆ ಒಂದು ದಿನ ಬಂದು, ಚಹಾ ಕುಡಿದು, ಹೊರಗಿನ ಕಾರ್ಖಾನೆಯ ಮಾತನ್ನು ಮೆತ್ತಗೆ ಎತ್ತಿದರು. ಮಂಗಲಾ ಒಂದು ಅವಕಾಶ ಕೇಳಿದರು. ಹಾಗಾದರೆ ಈ ಆಷಾಢ ನೋಡೋಣ ಎಂದು ಗಂಗಾರಾಮ ಒಂದಷ್ಟು ಹೊಸ ಸೈನಿಕರನ್ನೂ ಕೊಟ್ಟು ಹೋದರು.

ತಿಂದದ್ದು ಯಾಕೆ ಎಂಬುದು ರಾಮಲಿಂಗಪ್ಪನವರಿಗೆ ಅವತ್ತೇ ಗೊತ್ತಿತ್ತು. ಅವರು ಮೂಲತಃ ಗಂಜಿಯ ಮನುಷ್ಯ. ಓಣಿಯುದ್ದಕ್ಕೂ ಹಾಸು ಎಳೆದು ಕಟ್ಟಿ, ಅಗಲದ ಕುಂಚ ಹಿಡಿದು, ಬಿಸಿಲೇರುವ ಮೊದಲು ಎಳೆಎಳೆಗೂ ಗಂಜಿ ಕುಡಿಸುತ್ತಿದ್ದವರು. ಈಗ ಗಂಜಿ ಹಿಡಿದ ಹಾಸು ಕಾರ್ಖಾನೆಯಿಂದ ಉರುಳೆಯಾಗಿಯೇ ಬರುತ್ತದೆ. ಅವರ ಕುಂಚ ಜಂತಿಗೆ ಸಿಕ್ಕಿಕೊಂಡಿದೆ. ಗಂಜಿಗೆ ಚೂರು ಮೈಲುತುತ್ತ ಬೆರೆಸಿದರೆ ಹುಳ ಮುಟ್ಟುವುದಿಲ್ಲ, ಬೂಸು ಹಿಡಿಯುವುದಿಲ್ಲ. ಅದು ಅವರಿಗೆ ಅ-ಆ ಇದ್ದಂತೆ. ಬಾವುಟದ ಗಂಜಿಗೆ ಮಾತ್ರ ಅವರು ಬೇಕೆಂದೇ ಹಾಕಲಿಲ್ಲ.

"ಯಾಕಂತ ಕೇಳ್ತೀರಲ್ಲ, ಆಟಗಿ ಸಾಮಾನ ಅಂದ್ರಲ್ರಿ? ಹುಡುಗೂರು ಆಡೂ ಸಾಮಾನ ಬಾಯಾಗ ಹಾಕ್ಕೊಳ್ಳದ ಬಿಡ್ತಾವೇನು? ಅದಕ್ಯಾರ ವಿಷಾ ಹಾಕ್ತಾರ? ಗಂಗಾರಾಮ ಸಾಹೇಬ್ರು ಮೊಮ್ಮಕ್ಕಳಿಗೆ ಅಂತ ಮಾಡಸಾಕತ್ತಾರ ಅಂತಿದ್ದೆ ನಾ. ಹಲ್ಲ ಬಿದ್ದ ಮುದುಕರು ಟೇಬಲ್ ಸುತ್ತ ನಿಂತು ಆಡ್ತಾರಂತ ನನಗೇನು ಕನಸ ಬಿದ್ದಿತ್ತು?"

ಗಂಗಾರಾಮರಿಗೂ ಇದನ್ನು ಹೇಳಿದ್ದೀರಾ ಎಂದರೆ, "ಹೇಳೀನಿ. ಅವ್ರ ಮಾರಿ ಕೆಂಪಗಾತು. ಚಹಾದ ಕಪ್ ಎತ್ಗೊಂಡ್ರು" ಎನ್ನುತ್ತಾರೆ. ಹೇಳುವಾಗ ಮುದುಕನ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. ಯಾವ ಮಗುವಿಗೂ ಏನೂ ಆಗದಂತೆ ನೋಡಿಕೊಂಡವರ ನೆಮ್ಮದಿಯೇ ಇದೆ.

ಮೈಲುತುತ್ತದ ತೊಂದರೆಯೆಂದರೆ ಅದರ ನೀಲಿ. ಸೀರೆಯ ಹಾಸಿನಲ್ಲಿ ಗಾಢ ಬಣ್ಣದಡಿ ಅದು ಕಾಣುವುದಿಲ್ಲ. ಆನೆಯವರ ಬಾವುಟ ಬಿಳಿ, ನಡುವೆ ಒಂದು ಚಿನ್ನದ ಬಣ್ಣದ ಕುದುರೆ. ಕಮ್ಮಿ ಹಾಕಿದರೆ ಜಿರಳೆ ತಿನ್ನುತ್ತದೆ, ಹೆಚ್ಚು ಹಾಕಿದರೆ ಗಂಗಾರಾಮ ಒಪ್ಪುವುದಿಲ್ಲ. ಈ ಎರಡು ರುಚಿಗಳ ನಡುವಿನ ಹದ ಹುಡುಕುವುದೇ ಬಚ್ಚಲ ಮೂಲೆಯ ಆ ಮೂರು ಮುಚ್ಚಳಗಳ ಕೆಲಸ. ಆ ಬೆಳಗಿನ ನಂತರ ಇನ್ನೂ ಕೆಲವು ಬೆಳಗು ಮುಚ್ಚಳಗಳು ಬದಲಾಗುತ್ತವೆ. ತೆಳು ನೀಲಿಗಿಂತ ಕಮ್ಮಿಯಾದ ಯಾವುದನ್ನೂ ಬನಹಟ್ಟಿಯ ಜಿರಳೆಗಳು ಬಿಡುವುದಿಲ್ಲ. ಕೊನೆಗೆ ತೆಳು ನೀಲಿಯೇ ಖಾಯಂ ಆಗುತ್ತದೆ. ಅದರ ಮೇಲೆ ಮಂಗಲಾ ಕುದುರೆಗಳನ್ನು ಬರೆಯುತ್ತಾರೆ. ಕರೆಂಟು ಹೋಗದ ವಾರ ಅದು. ಓಣಿಯವರಿಗೆ ಸುಗ್ಗಿ, ಇವರು ಬೆಳಗಿನ ನಾಲ್ಕು ಗಂಟೆಗೇ ಏಳಬೇಕು.

ಡಬ್ಬಿ ಒಯ್ಯಲು ಭಾನುವಾರ ಗಂಗಾರಾಮ ಬರುತ್ತಾರೆ. ಕನ್ನಡಕ ಏರಿಸಿ ಒಂದು ಬಾವುಟವನ್ನು ಬೆಳಕಿಗೆ ಹಿಡಿಯುತ್ತಾರೆ. ಮಂಗಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

"ಇದು ಬಿಳಿ ಅಲ್ಲಲ್ಲ, ಮಂಗಲಾಬಾಯಿ."

"ಅಲ್ರಿ."

"ಇತಿಹಾಸದಾಗ ಇದು ಬಿಳಿ ಐತಿ."

ಮಂಚದಿಂದ ರಾಮಲಿಂಗಪ್ಪ ಬಾಯಿ ಹಾಕುತ್ತಾರೆ. "ಇತಿಹಾಸದಾಗ ಒಗ್ಯಾಣ ಹಾಕ್ತಿರ್ಲಿಲ್ಲೇನ್ರಿ ಸಾಹೇಬ್ರ? ಬಿಳಿ ಧೋತರಕ್ಕ ನೀಲಿ ಹಾಕಿ ಹಿಂಡಿದ್ರ ಹಿಂಗ ಕಾಣತೈತಿ. ನಿಮ್ಮ ದಂಡು ಮೈ ತೊಳಕೊಂಡು ಬಂದೈತಿ ಅಂತ ತಿಳಕೋರಿ."

ಗಂಗಾರಾಮ ಬಾವುಟವನ್ನು ತಿರುಗಿಸಿ ಹಿಂಬದಿಯನ್ನೂ ನೋಡುತ್ತಾರೆ. ಆಮೇಲೆ ಅದನ್ನು ಕೋಲಿಗೇ ಸಿಕ್ಕಿಸಿ, "ಹಲ್ಲಿನ ಡಾಕ್ಟರು ಒಂದ್ ಮಾತ ಆಡ್ತಾರ" ಎನ್ನುತ್ತಾರೆ. ಮತ್ತೆ, "ಆಡ್ಲಿ."

"ಸಾಹೇಬ್ರ," ಎನ್ನುತ್ತಾರೆ ಮಂಗಲಾ, "ಆಡಿದ ಮ್ಯಾಲ ಎಲ್ಲಾರೂ ಕೈ ತೊಳಕೋರಿ. ಮೈಲುತುತ್ತ ಐತಿ."

ಯುದ್ಧದ ದಿನ ಬನಹಟ್ಟಿಯಲ್ಲಿ ವಿಶೇಷವೇನಿಲ್ಲ. ಮಗ್ಗ ನಡೆಯುತ್ತದೆ, ರೊಟ್ಟಿ ಬೇಯುತ್ತದೆ. ಮಂಗಲಾ ಫೋನನ್ನು ಹಿಟ್ಟು ಹತ್ತದಂತೆ ಗೂಡಿನಲ್ಲಿ ಇಟ್ಟಿದ್ದಾರೆ. ಬೆಳಗ್ಗೆ ಕೊಲ್ಲಾಪುರದಲ್ಲಿ ಡಬ್ಬಿಗಳ ಮುಚ್ಚಳ ತೆಗೆದ ಹೊತ್ತಿಗೆ ಕರೆ ಬರಬೇಕಿತ್ತು, ಬಂದಿಲ್ಲ. ಊಟದ ಹೊತ್ತಾದರೂ ಬಂದಿಲ್ಲ. ಮಾಂತೇಶ ಮಗ್ಗ ನಿಲ್ಲಿಸಿ ಊಟಕ್ಕೆ ಕೂತವರು, "ತಿಂದಿದ್ರ ಇಷ್ಟೊತ್ತಿಗೆ ಫೋನ್ ಬರತಿತ್ತು" ಎನ್ನುತ್ತಾರೆ. "ತಿಂದಿದ್ರ ಯಾವ ಮಾರೀಲೆ ಮಾಡ್ತಾರ?" ಎನ್ನುತ್ತಾರೆ ಮಂಗಲಾ. ಇಬ್ಬರೂ ರೊಟ್ಟಿ ಮುರಿಯುತ್ತಾರೆ. ಅನಸವ್ವ ಎರಡು ಸಲ ಬಂದು ಬಾಗಿಲಲ್ಲಿ ನಿಂತು, ಕೊತ್ತಂಬರಿ ಕೊಟ್ಟು ಹೋಗಿದ್ದಾರೆ.

ಸಂಜೆ ಫೋನು ಮೊಳಗುತ್ತದೆ. ವಿಡಿಯೋ. ಮಾಂತೇಶ ಓಡಿಹೋಗಿ ಮಗ್ಗ ನಿಲ್ಲಿಸುತ್ತಾರೆ. ಪರದೆಯ ಮೇಲೆ ಮೊದಲು ಗಂಗಾರಾಮರ ಕಿವಿ, ಆಮೇಲೆ ಫ್ಯಾನು, ಆಮೇಲೆ ಉದ್ದನೆಯ ಹಸಿರು ಟೇಬಲ್ಲು. ಅದರ ಮೇಲೆ ಕೆಂಪಂಗಿಯವರ ನಡುವೆ ಆನೆಗಳು, ಆನೆಗಳ ಹಿಂದೆ ಸಾಲುಸಾಲಾಗಿ ಗಾಳಿಗೆ ಹಾರಿ ನಿಂತ ತೆಳುನೀಲಿ ಬಾವುಟಗಳು.

"ಒಂದೂ ಹೋಗಿಲ್ಲ, ಮಂಗಲಾಬಾಯಿ. ಎಲ್ಲಾ ನಿಂತಾವ."

"ಗೆದ್ರೇನ್ರಿ?"

"ಸೋತೆ. ದಾಳ ಕೈ ಕೊಟ್ಟತು. ಆದ್ರ ಕತ್ತಲಾಗೂತನಕ ಕಾದಾಡೇನಿ." ಅವರ ದನಿ ಗೆದ್ದವರ ದನಿಗಿಂತ ದೊಡ್ಡದಾಗಿದೆ. ಪರದೆಯಲ್ಲಿ ಇನ್ನೊಂದು ಮುಖ ತೂರುತ್ತದೆ, ಹಲ್ಲಿನ ಡಾಕ್ಟರು. ಅವರ ಮರಾಠಿಯನ್ನು ಗಂಗಾರಾಮ ಕನ್ನಡಕ್ಕೆ ತರುತ್ತಾರೆ: ಅವರ ಕೆಂಪಂಗಿಯವರಿಗೂ ಕಾಗದ ಕಿತ್ತು ಬಟ್ಟೆಯ ನಿಶಾನಿ ಬೇಕಂತೆ. ಜೊತೆಗೆ ಒಂದು ಹೊಸ ಕುದುರೆ ದಂಡು. ಬರುವ ಆಷಾಢಕ್ಕೆ. ಹೊರಗಿನ ಕಾರ್ಖಾನೆಯ ಮಾತು ಇನ್ನಿಲ್ಲ.

ರಾಮಲಿಂಗಪ್ಪ ಗಂಟಲು ಸರಿಮಾಡಿಕೊಂಡು, ಅರಿಬಿ ಎಷ್ಟು ಬೇಕಾದೀತೆಂದು ಗೋಡೆಯತ್ತ ನೋಡಿ ಅಂದಾಜು ಹಾಕತೊಡಗುತ್ತಾರೆ. ಮಂಗಲಾ ನಗುತ್ತಾರೆ, ಆದರೆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಕುದುರೆಗೆ ಲಗಾಮು, ಲಗಾಮಿಗೆ ಗುಂಡಿ, ಸವಾರನಿಗೆ ಮತ್ತೆ ಚಪ್ಪಲಿ. ಕೈ ತಾನಾಗಿಯೇ ಕತ್ತಿನ ಹಿಂಭಾಗಕ್ಕೆ ಹೋಗುತ್ತದೆ.

"ಮಾಡ್ತೇನ್ರಿ ಸಾಹೇಬ್ರ" ಎನ್ನುತ್ತಾರೆ. ಫೋನನ್ನು ಹತ್ತಿರ ಹಿಡಿದು, "ಒಂದ್ ಮಾತ ಕೇಳ್ಲೇನ್ರಿ? ಎಲ್ಲಾರೂ ನಿಂತವ್ರ ಬರತಾರ, ಇಲ್ಲಂದ್ರ ಓಡಾವ್ರು. ಕುಂತವ್ರು ಸಿಗೂದಿಲ್ಲೇನ್ರಿ?"

"ಕುಂತವ್ರು?" ಗಂಗಾರಾಮ ಅರ್ಥವಾಗದೆ ಡಾಕ್ಟರ ಮುಖ ನೋಡುತ್ತಾರೆ. "ಕುಂತವ್ರು ಯುದ್ಧ ಹೆಂಗ ಮಾಡ್ತಾರ? ಆಟದಾಗ ಅದಕ್ಕ ನಿಯಮನ ಇಲ್ಲ."

"ನಿಯಮಕ್ಕ ಬ್ಯಾಡ್ರಿ. ಟೇಬಲ್ಲಿನ ಮೂಲ್ಯಾಗ ಇದ್ರ ಆತು. ಈಟಿ ಬದೀಕಿಟ್ಟು, ಕಾಲ ಚಾಚಿ ಕುಂತಾಂವ ಒಬ್ಬಾಂವ ಸಿಕ್ರ ಕಳಸ್ರಿ. ಕುದರಿ ಆಮ್ಯಾಲ. ಅಂವಂದು ಮೊದಲ ಮಾಡ್ತೇನಿ."